ವಾಕಿಟಾಕಿ ಹಿಡಿಯುವವರಿಗೆ: ಮಾತೂ ತುಂಡಾಗಬಾರದು, ಸೆಟ್ಟೂ ಕೆಡಬಾರದು

ಜಾತ್ರೆಯ ದಿನ ಪಾರ್ಕಿಂಗ್ ಗದ್ದೆಯ ಮೂಲೆಯಿಂದ ಒಬ್ಬ ಸ್ವಯಂಸೇವಕ ವಾಕಿಟಾಕಿಯಲ್ಲಿ ‘ಗೇಟು ತೆಗೆಯಬೇಡಿ’ ಅನ್ನುತ್ತಾನೆ. ಕೊನೆಯ ಅಕ್ಷರ ಬಾಯಿಂದ ಹೊರಡುವಷ್ಟರಲ್ಲಿ ಬೆರಳು ಗುಂಡಿಯಿಂದ ಎದ್ದಾಗಿದೆ. ಗೇಟಿನ ಹತ್ತಿರ ನಿಂತವನಿಗೆ ಕೇಳಿಸಿದ್ದು ‘ಗೇಟು ತೆಗೆಯ...’ ಎಂಬಷ್ಟು. ಅವನು ತೆಗೆಯುತ್ತಾನೆ. ಇಪ್ಪತ್ತು ಜೀಪು ಒಟ್ಟಿಗೆ ಒಳನುಗ್ಗುತ್ತವೆ.

ಕನ್ನಡದಲ್ಲಿ ‘ಬೇಡ’ ಇರುವುದು ಮಾತಿನ ಬಾಲದಲ್ಲಿ. ವಾಕಿಟಾಕಿ ಕಚ್ಚಿ ತಿನ್ನುವುದು ಮಾತಿನ ತಲೆಯನ್ನು ಮತ್ತು ಬಾಲವನ್ನು. ಕಾಸರಗೋಡಿನ ಕಡೆ ಇದಕ್ಕೆ ಇನ್ನೊಂದು ಪೇಚು ಸೇರಿಕೊಳ್ಳುತ್ತದೆ. ಒಂದೇ ತಂಡದಲ್ಲಿ ಕನ್ನಡ, ತುಳು, ಮಲಯಾಳ ಮೂರೂ ಓಡುತ್ತವೆ. ಕನ್ನಡದ ‘ಬೇಕು–ಬೇಡ’, ತುಳುವಿನ ‘ಬೋಡು–ಬೊಡ್ಚಿ’, ಮಲಯಾಳದ ‘ವೇಣಂ–ವೇಂಡ’ ಮೂರೂ ಜೋಡಿಗಳ ತಲೆ ಹತ್ತಿರಹತ್ತಿರ ಒಂದೇ, ವ್ಯತ್ಯಾಸವೆಲ್ಲ ಬಾಲದಲ್ಲಿ. ಹಾಗಾಗಿ ಯಾವ ಕಂಪನಿಯ ಸೆಟ್ಟು, ಎಷ್ಟು ವ್ಯಾಟು ಎಂದು ತಲೆಕೆಡಿಸಿಕೊಳ್ಳುವ ಮೊದಲು ಗುಂಡಿ ಒತ್ತುವ ಕ್ರಮ ಕಲಿಯಬೇಕು. ಅದಕ್ಕೆ ಸ್ವಲ್ಪ ಮುಂದೆ ಬರುತ್ತೇವೆ. ಮೊದಲು ಕಾನೂನಿನ ಮಾತು ಮುಗಿಸೋಣ, ಯಾಕೆಂದರೆ ಹೆಚ್ಚಿನವರು ಎಡವುವುದು ಸೆಟ್ಟು ಕೊಳ್ಳುವಾಗಲೇ.

ಯಾವ ಸೆಟ್ಟಿಗೆ ಲೈಸೆನ್ಸ್ ಬೇಕು

ಭಾರತದಲ್ಲಿ 446.0ರಿಂದ 446.2 ಮೆಗಾಹರ್ಟ್ಸ್ ನಡುವೆ ಕೆಲಸ ಮಾಡುವ ಕಡಿಮೆ ಶಕ್ತಿಯ ವಾಕಿಟಾಕಿಗೆ ಲೈಸೆನ್ಸ್ ಬೇಡ. ಈ ವರ್ಗದ ಸೆಟ್ಟುಗಳ ಶಕ್ತಿ ಸಾಮಾನ್ಯವಾಗಿ ಅರ್ಧ ವ್ಯಾಟು, ಆಂಟೆನಾ ಬಿಚ್ಚಲು ಬಾರದ ಹಾಗೆ ಕೂಡಿಸಿದ್ದು. ಲೈಸೆನ್ಸ್ ಬೇಡವೆಂದರೂ ಆ ಮಾದರಿಗೆ ದೂರಸಂಪರ್ಕ ಇಲಾಖೆಯ ಇ.ಟಿ.ಎ., ಅಂದರೆ ಉಪಕರಣದ ಮಾದರಿಗೆ ಕೊಡುವ ಒಪ್ಪಿಗೆಯ, ಪ್ರಮಾಣಪತ್ರ ಇರಬೇಕು. ಕೊಳ್ಳುವಾಗ ಆ ಸಂಖ್ಯೆ ಕೇಳಿ. ಪೆಟ್ಟಿಗೆಯ ಮೇಲೂ ಇಲ್ಲ, ಬಿಲ್ಲಿನಲ್ಲೂ ಇಲ್ಲ ಎಂದಾದರೆ ಬಿಟ್ಟುಬಿಡಿ.

ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ 5 ವ್ಯಾಟಿನ, ಕೀಪ್ಯಾಡಿನಿಂದ ಯಾವ ಫ್ರೀಕ್ವೆನ್ಸಿ ಬೇಕಾದರೂ ಹಾಕಬಹುದಾದ ಸೆಟ್ಟುಗಳು ಈ ವಿನಾಯಿತಿಯಲ್ಲಿ ಬರುವುದಿಲ್ಲ. 1933ರ ವೈರ್‌ಲೆಸ್ ಕಾಯ್ದೆಯ ಕಾಲದಿಂದಲೂ ನಮ್ಮಲ್ಲಿ ಲೈಸೆನ್ಸಿಲ್ಲದೆ ಇಂಥ ಉಪಕರಣ ಬಳಸುವುದು ಮಾತ್ರವಲ್ಲ, ಇಟ್ಟುಕೊಳ್ಳುವುದೂ ತಪ್ಪು. ಇಂಥವನ್ನು ಸಿಕ್ಕಸಿಕ್ಕಂತೆ ಮಾರುತ್ತಿದ್ದುದಕ್ಕೇ 2025ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಾರಾಟಕ್ಕೆಂದೇ ಮಾರ್ಗಸೂಚಿ ತಂದಿತು. ತಪ್ಪು ಫ್ರೀಕ್ವೆನ್ಸಿಯಲ್ಲಿ ಮಾತಾಡಿದರೆ ಪೊಲೀಸರ, ಅಗ್ನಿಶಾಮಕದ, ರೈಲ್ವೆಯ ಮಾತಿನ ಮೇಲೆ ಹೋಗಿ ಬೀಳುವ ಅಪಾಯವೂ ಇದೆ.

ದೊಡ್ಡ ಸಂಸ್ಥೆಗೆ, ಕಾರ್ಖಾನೆಗೆ, ದೂರದ ಎಸ್ಟೇಟಿಗೆ 5 ವ್ಯಾಟು ಬೇಕೇ ಬೇಕೆಂದರೆ ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಪೋರ್ಟಲ್ ಮೂಲಕ ಅರ್ಜಿ ಹಾಕಿ, ಫ್ರೀಕ್ವೆನ್ಸಿ ಮಂಜೂರು ಮಾಡಿಸಿಕೊಂಡು ಬಳಸಬೇಕು. ಮಂಜೂರಾತಿಯಲ್ಲಿ ಪ್ರದೇಶವನ್ನೂ ಬರೆದಿರುತ್ತಾರೆ. ರಾಜ್ಯದ ಗಡಿಯಾದ ತಲಪಾಡಿ ದಾಟಿ ಮಂಗಳೂರಿನ ಕೆಲಸಕ್ಕೆ ಅದೇ ಸೆಟ್ಟು ಒಯ್ಯುವ ಮುನ್ನ ಆ ಕಾಗದ ಓದಿ. ಹ್ಯಾಮ್ ಲೈಸೆನ್ಸ್ ಇದ್ದವರು ತಮ್ಮ ಬ್ಯಾಂಡಿನಲ್ಲಿ ಮಾತಾಡಬಹುದು, ಆದರೆ ಅದು ಹವ್ಯಾಸಿಗಳ ನಡುವಿನ ಮಾತಿಗೆ. ಸಮಿತಿಯ ಪಾರ್ಕಿಂಗ್ ವ್ಯವಸ್ಥೆಗೆ ಅದನ್ನು ಹಚ್ಚುವ ಹಾಗಿಲ್ಲ.

ಹೊರಡುವ ಮುನ್ನ ಐದು ನಿಮಿಷ

ಸೆಟ್ಟು ಹಂಚುವ ಹೊತ್ತಿಗೆ ಗಡಿಬಿಡಿ ಇದ್ದೇ ಇರುತ್ತದೆ. ಆದರೂ ಪ್ರತಿ ಸೆಟ್ಟಿಗೆ ಇಷ್ಟು ಮಾಡಿ:

1. ಸೆಟ್ಟು ಆಫ್ ಇರುವಾಗಲೇ ಬ್ಯಾಟರಿ ಕೂಡಿಸಿ. ‘ಟಕ್’ ಎಂದು ಕೇಳಬೇಕು. ಹಿಡಿದು ಅಲ್ಲಾಡಿಸಿದರೆ ಸದ್ದು ಬರಬಾರದು.
2. ಬಿಚ್ಚುವಂಥ ಆಂಟೆನಾ ಆದರೆ ಬುಡ ಹಿಡಿದು ಬೆರಳಿನಿಂದ ಬಿಗಿ ಮಾಡಿ. ತುದಿ ಹಿಡಿದು ತಿರುಗಿಸಿದರೆ ಒಳಗಿನ ಸುರುಳಿ ಬೆಸುಗೆ ಬಿಡುತ್ತದೆ. ಪಕ್ಕಡು ಬೇಡ.
3. ಆನ್ ಮಾಡಿ, ಚಾನೆಲ್ ನೋಡಿ, ಮಾನಿಟರ್ ಗುಂಡಿ (ಸ್ಪೀಕರನ್ನು ತೆರೆದಿಡುವ ಗುಂಡಿ) ಒತ್ತಿ. ‘ಸುಂಯ್’ ಎಂಬ ಸದ್ದು ಬಂದರೆ ಸ್ಪೀಕರ್ ಸರಿ. ಆ ಸದ್ದಿಗೇ ವಾಲ್ಯೂಮ್ ಹೊಂದಿಸಿಕೊಳ್ಳಿ.
4. ಇನ್ನೊಬ್ಬರನ್ನು ಕನಿಷ್ಠ 20–30 ಮೀಟರ್ ದೂರ ಕಳುಹಿಸಿ ಮಾತಾಡಿಸಿ ನೋಡಿ. ಒಂದೇ ಮೇಜಿನ ಮೇಲೆ ಎರಡಿಟ್ಟು ಪರೀಕ್ಷಿಸಿದರೆ ಒಂದರ ಸ್ಪೀಕರಿನ ಸದ್ದು ಇನ್ನೊಂದರ ಮೈಕಿಗೆ ನುಗ್ಗಿ ಕೀರಲು ಸದ್ದು ಬರುತ್ತದೆ, ಸೆಟ್ಟು ಹಾಳಾಗಿದೆ ಎಂದು ತಪ್ಪು ತಿಳಿಯುತ್ತೀರಿ.
5. ವಾಕ್ಸ್, ಅಂದರೆ ಗುಂಡಿ ಒತ್ತದೆ ಸದ್ದಿಗೇ ತೆರೆದುಕೊಳ್ಳುವ ವ್ಯವಸ್ಥೆ, ಆಫ್ ಇದೆಯೇ ನೋಡಿ. ಚೆಂಡೆ ಬಡಿಯುವ ಜಾಗದಲ್ಲಿ ವಾಕ್ಸ್ ಆನ್ ಇದ್ದ ಒಂದೇ ಒಂದು ಸೆಟ್ಟು ಸಾಕು, ಇಡೀ ಚಾನೆಲ್ಲಿನಲ್ಲಿ ಚೆಂಡೆ ಬಿಟ್ಟು ಬೇರೇನೂ ಕೇಳುವುದಿಲ್ಲ.
6. ಸೆಟ್ಟಿನ ಬೆನ್ನಿಗೆ ನಂಬರಿನ ಸ್ಟಿಕ್ಕರ್ ಹಚ್ಚಿ, ಬ್ಯಾಟರಿಗೂ ಅದೇ ನಂಬರ್. ಯಾರಿಗೆ ಯಾವುದು ಕೊಟ್ಟಿರಿ ಎಂದು ಪುಸ್ತಕದಲ್ಲಿ ಬರೆಯಿರಿ.

ಕೊನೆಯದು ಕಾರಕೂನಿಕೆಯ ಹಾಗೆ ಕಾಣುತ್ತದೆ. ಆದರೆ ಗುಂಡಿ ಸಿಕ್ಕಿಹಾಕಿಕೊಂಡ ಸೆಟ್ಟು ಯಾರ ಕೈಯಲ್ಲಿದೆ ಎಂದು ರಾತ್ರಿ ಹನ್ನೊಂದಕ್ಕೆ ಹುಡುಕಬೇಕಾಗಿ ಬಂದಾಗ ಆ ಪುಸ್ತಕದ ಬೆಲೆ ಗೊತ್ತಾಗುತ್ತದೆ.

ಹಿಡಿಯುವುದು ಹೇಗೆ

ಸೆಟ್ಟನ್ನು ನೆಟ್ಟಗೆ ಹಿಡಿಯಿರಿ, ಆಂಟೆನಾ ಆಕಾಶಕ್ಕೆ. ಮೈಕು ತುಟಿಯಿಂದ 2.5ರಿಂದ 5 ಸೆಂಟಿಮೀಟರ್ ದೂರ, ಅಂದರೆ ಎರಡು ಬೆರಳು ಅಡ್ಡ ಹಿಡಿದಷ್ಟು. ಅದಕ್ಕಿಂತ ಹತ್ತಿರ ಹಿಡಿದರೆ ಉಸಿರು ಬಡಿದು ‘ಪ’, ‘ಬ’ ಅಕ್ಷರಗಳು ಸ್ಫೋಟವಾಗುತ್ತವೆ. ಬಾಯಿಗೆ ನೇರ ಹಿಡಿಯದೆ ಸ್ವಲ್ಪ ಓರೆಯಾಗಿ ಹಿಡಿದು, ಮೈಕಿನ ಮೇಲೆ ಹಾದುಹೋಗುವ ಹಾಗೆ ಮಾತಾಡುವುದು ಒಳ್ಳೆಯದು. ಕೂಗಬೇಡಿ. ಕೂಗಿದರೆ ಸ್ವರ ಒಡೆಯುತ್ತದೆ, ದೂರ ಒಂದಿಂಚೂ ಹೆಚ್ಚುವುದಿಲ್ಲ. ಗದ್ದಲ ಹೆಚ್ಚಿದ್ದರೆ ಅಂಗೈಯನ್ನು ಮೈಕಿಗೆ ಮರೆಯಾಗಿ ಹಿಡಿದು ಎಂದಿನ ದನಿಯಲ್ಲೇ ಹೇಳಿ.

ಮಾತಾಡುವಾಗ ಆಂಟೆನಾ ಮುಟ್ಟಬಾರದು, ತಲೆಗೂ ಮೈಗೂ ಕನಿಷ್ಠ 2.5 ಸೆಂಟಿಮೀಟರ್ ದೂರವಿರಬೇಕು. ರಬ್ಬರು ಸೀಳಿ ಲೋಹ ಕಾಣುವ ಆಂಟೆನಾ ಮಾತಾಡುವಾಗ ಚರ್ಮಕ್ಕೆ ತಾಗಿದರೆ ಸಣ್ಣಗೆ ಸುಡುತ್ತದೆ. ಅಂಥದ್ದನ್ನು ಬದಲಿಸಿ, ಟೇಪು ಸುತ್ತಿ ಓಡಿಸಬೇಡಿ. ಒಟ್ಟು ಸಮಯದಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ನೀವೇ ಗುಂಡಿ ಒತ್ತಿಕೊಂಡಿರಬಾರದು ಎಂಬುದು ತಯಾರಕರು ಹೇಳುವ ಮಿತಿ. ಪೇಸ್‌ಮೇಕರ್ ಹಾಕಿಸಿಕೊಂಡವರು ಸೆಟ್ಟನ್ನು ಅಂಗಿಯ ಜೇಬಿನಲ್ಲಿ ಇಡಲೇಬಾರದು. ಕನಿಷ್ಠ 20 ಸೆಂಟಿಮೀಟರ್ ದೂರ, ಎದೆಯ ಇನ್ನೊಂದು ಬದಿಯ ಕೈಯಲ್ಲಿ. ಹೃದ್ರೋಗ ವೈದ್ಯರನ್ನು ಒಮ್ಮೆ ಕೇಳಿಬಿಡುವುದು ಇನ್ನೂ ಒಳ್ಳೆಯದು.

ಆಂಟೆನಾ ಇಲ್ಲದೆ ಗುಂಡಿ ಒತ್ತಬೇಡಿ. ಹೊರಗೆ ಹೋಗಬೇಕಾದ ಶಕ್ತಿ ದಾರಿಯಿಲ್ಲದೆ ಹಿಂದಕ್ಕೆ ಬಂದು ಒಳಗಿನ ಪವರ್ ಟ್ರಾನ್ಸಿಸ್ಟರನ್ನು ಸುಡಬಹುದು. ಆಮೇಲೆ ಕೇಳುವುದೆಲ್ಲ ಕೇಳುತ್ತದೆ, ನಿಮ್ಮ ಮಾತು ಮಾತ್ರ ನೂರು ಮೀಟರ್ ದಾಟುವುದಿಲ್ಲ. ಹಾಗೆಯೇ ಆಂಟೆನಾವನ್ನೇ ಹಿಡಿಕೆ ಮಾಡಿಕೊಂಡು ಸೆಟ್ಟು ತೂಗಾಡಿಸುವ ಚಟ ಕೆಲವರಿಗಿದೆ. ಒಂದು ಹಬ್ಬದ ಮಟ್ಟಿಗೆ ಅದು ತಡೆದೀತು.

ಮಾತು

ಈಗ ಮೊದಲಿನ ಗೇಟಿಗೆ ಬರೋಣ. ತಲೆ ಯಾಕೆ ತುಂಡಾಗುತ್ತದೆ? ಮೂರು ಕಾರಣ. ನಿಮ್ಮ ಸೆಟ್ಟು ಕೇಳುವ ಸ್ಥಿತಿಯಿಂದ ಹೇಳುವ ಸ್ಥಿತಿಗೆ ಬದಲಾಗಲು ಕ್ಷಣಕಾಲ ಬೇಕು. ಎದುರಿನ ಸೆಟ್ಟು ಬ್ಯಾಟರಿ ಉಳಿಸಲು ನಡುನಡುವೆ ಕಣ್ಣುಮುಚ್ಚಿಕೊಂಡಿರುತ್ತದೆ, ಅದು ಏಳಬೇಕು. ಎದ್ದ ಮೇಲೆ ಟೋನ್, ಅಂದರೆ ಮಾತಿನ ಜೊತೆ ಬರುವ ತಂಡದ ಗುರುತಿನ ಸಣ್ಣ ಸದ್ದು, ಗುರುತು ಹಿಡಿದು ಸ್ಪೀಕರ್ ತೆರೆಯಬೇಕು, ಅದಕ್ಕೇ ಸೆಕೆಂಡಿನ ಕಾಲುಭಾಗ ಹೋಗುತ್ತದೆ. ಎಲ್ಲ ಕೂಡಿ ‘ಕೆರೆಕಟ್ಟೆ’ ಎಂದದ್ದು ‘ಕಟ್ಟೆ’ ಎಂದು ಮುಟ್ಟುತ್ತದೆ. ಬಾಲ ತುಂಡಾಗಲು ಕಾರಣ ಒಂದೇ: ನಿಮ್ಮ ಬೆರಳಿನ ಅವಸರ.

ಕ್ರಮ ಹೀಗೆ. ಮೊದಲು ಕೇಳಿ, ಯಾರೂ ಮಾತಾಡುತ್ತಿಲ್ಲ ಎಂದು ಖಚಿತ ಮಾಡಿಕೊಳ್ಳಿ. ಗುಂಡಿ ಒತ್ತಿ. ಒಂದು ಉಸಿರು ಎಳೆದುಕೊಳ್ಳಿ, ಅಷ್ಟೇ ಒಂದು ಸೆಕೆಂಡು. ಹೇಳಿ. ಹೇಳಿಯಾದ ಮೇಲೆ ‘ಓವರ್’ (ನನ್ನ ಮಾತು ಮುಗಿಯಿತು, ಇನ್ನು ನೀವು ಹೇಳಿ) ಎನ್ನಿ, ಆಮೇಲೆ ಬೆರಳು ಎತ್ತಿ. ಪೊಲೀಸರ ಅನುಕರಣೆ ಎಂದು ‘ಓವರ್’ ಹೇಳಲು ನಾಚುವವರಿದ್ದಾರೆ. ಕನ್ನಡಕ್ಕೆ ಅದು ಇನ್ನೂ ಹೆಚ್ಚು ಬೇಕು: ಬೆರಳು ಅವಸರಪಟ್ಟರೂ ತುಂಡಾಗುವುದು ‘ಓವರ್’, ‘ಬೇಡಿ’ ಉಳಿಯುತ್ತದೆ.

ಅದಕ್ಕಿಂತ ಮುಖ್ಯವಾಗಿ, ಬೇಡ ಎನ್ನುವುದನ್ನು ಬಾಲದಲ್ಲಿ ಇಡಲೇಬೇಡಿ. ‘ಗೇಟು ತೆಗೆಯಬೇಡಿ’ ಬದಲಿಗೆ ‘ಗೇಟು ಬಂದ್, ಬಂದ್’. ‘ಜನ ಬಿಡಬೇಡಿ’ ಬದಲಿಗೆ ‘ನಿಲ್ಲಿಸಿ, ನಿಲ್ಲಿಸಿ, ಜನ ನಿಲ್ಲಿಸಿ’. ‘ನೀರು ಬೇಕು’, ‘ನೀರು ಬೇಡ’ ಬದಲಿಗೆ ‘ನೀರು ಕಳುಹಿಸಿ’, ‘ನೀರು ಸಾಕು’. ಕನ್ನಡ, ತುಳು, ಮಲಯಾಳ ಮೂರೂ ಬಲ್ಲ ಒಬ್ಬರನ್ನು ಕೂರಿಸಿಕೊಂಡು ಹಿಂದಿನ ದಿನ ಇಂಥ ಹತ್ತು ಮಾತು ಗೊತ್ತುಮಾಡಿ, ಎಲ್ಲರಿಗೂ ಒಪ್ಪಿಗೆಯಾದ ಒಂದೇ ರೂಪ ಇಟ್ಟುಕೊಳ್ಳಿ. ‘ಬಂದ್’, ‘ಸ್ಟಾಪ್’, ‘ಓಕೆ’ ಮೂವರಿಗೂ ತಿಳಿಯುತ್ತದೆ. ಶುದ್ಧ ಭಾಷೆಯ ಹಟ ಇಲ್ಲಿ ಬೇಡ.

ಸಂಖ್ಯೆಗಳೂ ಕೈಕೊಡುತ್ತವೆ. ‘ಒಂದು’, ‘ಒಂಬತ್ತು’ ಶುರುವಾಗುವುದು ಒಂದೇ ತರ. ‘ಹತ್ತು’ ಎಂದರೆ ಸಂಖ್ಯೆಯೂ ಹೌದು, ಮೇಲೆ ಹತ್ತು ಎಂಬ ಆಜ್ಞೆಯೂ ಹೌದು. ‘ಏಳು’ ಕೂಡ ಹಾಗೆಯೇ. ‘ಆರು ಬಂದರು’ ಎಂದರೆ ‘ಯಾರು ಬಂದರು’ ಎಂಬ ಪ್ರಶ್ನೆಯಾಗಿ ಕೇಳಿ, ಆಚೆಯಿಂದ ‘ಗೊತ್ತಿಲ್ಲ’ ಎಂದು ಉತ್ತರ ಬರುತ್ತದೆ. ಇಂಗ್ಲಿಷಿಗೆ ಹೋದರೆ ‘ಫೈವ್’, ‘ನೈನ್’ ಒಂದಕ್ಕೊಂದು ತಾಗುತ್ತವೆ, ಅದಕ್ಕೇ ವಿಮಾನದವರು ‘ನೈನರ್’ ಎನ್ನುವುದು. ಸುಲಭದ ದಾರಿ: ಸಂಖ್ಯೆಯನ್ನು ಎರಡು ಭಾಷೆಯಲ್ಲಿ ಹೇಳಿ, ‘ಆರು, ಸಿಕ್ಸ್ ಊಟ’. ವಾಹನದ ನಂಬರನ್ನು ಒಂದೊಂದೇ ಅಂಕಿಯಾಗಿ. ಕೇಳಿದವರು ಅದನ್ನೇ ತಿರುಗಿ ಹೇಳಬೇಕು.

ಕರೆಯುವಾಗ ಹೆಸರಿನ ಬದಲು ಜಾಗ ಹಿಡಿಯಿರಿ. ಒಂದು ತಂಡದಲ್ಲಿ ನಾಲ್ಕು ಮಂದಿ ಭಟ್ರು, ಮೂವರು ಶೆಟ್ರು, ಇಬ್ಬರು ಅಬ್ದುಲ್ಲ ಇದ್ದೇ ಇರುತ್ತಾರೆ. ಮೊದಲು ಕರೆಯಬೇಕಾದ ಜಾಗ, ಆಮೇಲೆ ನಿಮ್ಮದು:

‘ಕೆರೆಕಟ್ಟೆ, ಕೆರೆಕಟ್ಟೆ, ಇದು ಕಂಟ್ರೋಲ್. ಓವರ್.’
‘ಕಂಟ್ರೋಲ್, ಕೆರೆಕಟ್ಟೆ. ಹೇಳಿ. ಓವರ್.’
‘ಊಟದ ಚಪ್ಪರದ ಸಾಲು ನಿಲ್ಲಿಸಿ. ನಿಲ್ಲಿಸಿ. ಹತ್ತು, ಟೆನ್ ನಿಮಿಷ. ಓವರ್.’
‘ಸಾಲು ನಿಲ್ಲಿಸುತ್ತೇವೆ, ಟೆನ್ ನಿಮಿಷ. ಓವರ್.’
‘ಸರಿ. ಔಟ್.’ (‘ಔಟ್’ ಎಂದರೆ ಮಾತುಕತೆಯೇ ಮುಗಿಯಿತು.)

ಹಿರಿಯರನ್ನು ಕರೆಯುವಾಗಲೂ ‘ಅಣ್ಣಾ, ಸ್ವಲ್ಪ ಪುರುಸೊತ್ತು ಉಂಟಾ’ ಎಂಬ ಪೀಠಿಕೆ ಬೇಡ. ಮರ್ಯಾದೆ ‘ಹೇಳಿ’, ‘ನಿಲ್ಲಿಸಿ’ಗಳ ಬಹುವಚನದಲ್ಲೇ ಬಂದುಬಿಡುತ್ತದೆ.

ಇನ್ನು ಗುಟ್ಟಿನ ಮಾತು. ಸೆಟ್ಟಿನ ಪೆಟ್ಟಿಗೆಯ ಮೇಲೆ ‘ಪ್ರೈವೆಸಿ ಕೋಡ್’ ಎಂದು ಬರೆದಿರುವುದನ್ನು ನಂಬಬೇಡಿ. ಅದು 67 ಹರ್ಟ್ಸಿನಿಂದ 250 ಹರ್ಟ್ಸಿನವರೆಗಿನ ಒಂದು ಸಣ್ಣ ಗುಂಯ್‌ಗುಟ್ಟುವ ಟೋನ್, ಅಷ್ಟೇ. ಬೇರೆಯವರ ಮಾತು ನಿಮ್ಮ ಸ್ಪೀಕರಿಗೆ ಬಾರದಂತೆ ಅದು ತಡೆಯುತ್ತದೆ. ನಿಮ್ಮ ಮಾತು ಬೇರೆಯವರಿಗೆ ಹೋಗುವುದನ್ನು ತಡೆಯುವುದಿಲ್ಲ. ಹಾಗಾಗಿ ಕಾಣಿಕೆ ಹುಂಡಿ ಯಾವ ದಾರಿಯಲ್ಲಿ, ಎಷ್ಟು ಹೊತ್ತಿಗೆ ಹೊರಡುತ್ತದೆ ಎಂಬುದು ರೇಡಿಯೊದಲ್ಲಿ ಬರಬಾರದು. ಕಳೆದುಹೋದ ಮಗು ಸಿಕ್ಕಿದರೆ ವಯಸ್ಸು, ಅಂಗಿಯ ಬಣ್ಣ, ಇರುವ ಜಾಗ ಸಾಕು; ಹೆಸರು, ತಂದೆಯ ಫೋನ್ ನಂಬರು ಗಾಳಿಗೆ ಬಿಡಬೇಡಿ.

ಗುಡ್ಡೆ, ತೋಟ, ಸುರಂಗ

‘ಹತ್ತು ಕಿಲೋಮೀಟರ್’ ಎಂದು ಪೆಟ್ಟಿಗೆಯ ಮೇಲೆ ಇರುವುದು ಸುಳ್ಳಲ್ಲ, ಆದರೆ ಅದು ಸಮುದ್ರದ ಲೆಕ್ಕ. ನಿಂತ ಇಬ್ಬರ ಕೈಯಲ್ಲಿ ಸೆಟ್ಟು ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ, ನಡುವೆ ಏನೂ ಇಲ್ಲದಿದ್ದರೆ, ಭೂಮಿಯ ಬಾಗು ಅಡ್ಡ ಬರುವುದು ಸುಮಾರು 9–10 ಕಿಲೋಮೀಟರಿಗೆ. ನಮ್ಮ ಕಡೆ ನಡುವೆ ಏನೂ ಇಲ್ಲದಿರುವ ಜಾಗ ಕಡಲು ಮಾತ್ರ. ಒಳನಾಡಿನಲ್ಲಿ ಮುರಕಲ್ಲಿನ (ಕೆಂಪುಕಲ್ಲಿನ) ಗುಡ್ಡೆ, ಅದರ ಬುಡದ ಬೈಲಿನಲ್ಲಿ ಅಡಕೆ ತೋಟ, ಮತ್ತೆ ಗುಡ್ಡೆ. ಬೈಲಿನಿಂದ ಆಚೆ ಬೈಲಿಗೆ ಅರ್ಧ ವ್ಯಾಟಿನ ಸೆಟ್ಟು ಒಂದು ಕಿಲೋಮೀಟರೂ ಮುಟ್ಟದಿದ್ದರೆ ಆಶ್ಚರ್ಯವಿಲ್ಲ. ಒದ್ದೆ ಸೋಗೆ ಅಲೆಯನ್ನು ಹೀರುತ್ತದೆ, ಆಟಿಯ ಮಳೆಯಲ್ಲಿ ಬೇಸಿಗೆಯಷ್ಟು ದೂರ ಹೋಗುವುದಿಲ್ಲ.

ಇಲ್ಲಿ ವ್ಯಾಟು ಹೆಚ್ಚಿಸುವುದಕ್ಕಿಂತ ಎತ್ತರ ಹತ್ತುವುದು ಲಾಭ. ಐದು ಪಟ್ಟು ಶಕ್ತಿಗೆ ದೂರ ಎರಡು ಪಟ್ಟು ಸಿಕ್ಕರೆ ಹೆಚ್ಚು. ಗುಡ್ಡೆಯ ತಲೆಗೆ ಒಬ್ಬರನ್ನು ನಿಲ್ಲಿಸಿದರೆ ಎರಡೂ ಬದಿಯ ಬೈಲು ಕೇಳುತ್ತದೆ. ಮುಳ್ಳೇರಿಯ, ಕಾರಡ್ಕ, ದೇಲಂಪಾಡಿಯ ಕಡೆ ಆನೆ ಕಾಯುವ ತಂಡಗಳಿಗೆ ಇದೇ ಕ್ರಮ ಹೊಂದುತ್ತದೆ: ಮೇಲೆ ನಿಂತವರು ಕೆಳಗಿನ ಎರಡು ತೋಟದ ಮಾತನ್ನು ಅತ್ತಿತ್ತ ದಾಟಿಸುವುದು. ಆನೆಯ ಹತ್ತಿರ ಇರುವವರಿಗೆ ಇಯರ್‌ಪೀಸ್ ಕಡ್ಡಾಯ, ಸ್ಪೀಕರ್ ಮೌನ. ಇಯರ್‌ಪೀಸ್ ಕಿವಿಗೆ ಹಾಕುವ ಮೊದಲು ವಾಲ್ಯೂಮ್ ಪೂರ್ತಿ ಇಳಿಸಿ, ಹಾಕಿದ ಮೇಲೆ ಏರಿಸಿ.

ಮಾತು ತುಂಡುತುಂಡಾಗಿ ಬರುತ್ತಿದ್ದರೆ ಮೊದಲು ಒಂದು ಗೇಣು ಪಕ್ಕಕ್ಕೆ ಸರಿಯಿರಿ. 446 ಮೆಗಾಹರ್ಟ್ಸಿನ ಅಲೆಯ ಉದ್ದ 67 ಸೆಂಟಿಮೀಟರ್. ನೇರ ಬಂದ ಅಲೆಯೂ ಗೋಡೆಗೆ ಬಡಿದು ಬಂದ ಅಲೆಯೂ ಒಂದನ್ನೊಂದು ಕಳೆಯುವ ಕುರುಡು ಜಾಗಗಳು ಅಂಥಲ್ಲಿ ಒಂದಡಿಗೆ ಒಂದರಂತೆ ಇರುತ್ತವೆ. ನಿಂತಲ್ಲೇ ‘ಹಲೋ ಹಲೋ’ ಎಂದು ಹತ್ತು ಸಲ ಹೇಳುವುದಕ್ಕಿಂತ ಒಂದು ಹೆಜ್ಜೆ ಸಾಕು. ಸೊಂಟದ ಕ್ಲಿಪ್ಪಿನಲ್ಲಿದ್ದ ಸೆಟ್ಟನ್ನು ಮುಖದ ಎತ್ತರಕ್ಕೆ ತಂದರೂ ಬಹಳ ವ್ಯತ್ಯಾಸ ಕಾಣುತ್ತದೆ, ಯಾಕೆಂದರೆ ಮೈಯೆಲ್ಲ ಉಪ್ಪುನೀರು, ಅದು ಮರೆ.

ನೀರಿಗೆಂದು ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗದಲ್ಲಿ ವಾಕಿಟಾಕಿಯನ್ನು ಲೆಕ್ಕಕ್ಕೇ ಹಿಡಿಯಬೇಡಿ. ಒಂದು ತಿರುವು ದಾಟಿದರೆ ಒದ್ದೆ ಮುರಕಲ್ಲು ಅಲೆಯನ್ನು ನುಂಗಿಬಿಡುತ್ತದೆ. ಹೂಳು ತೆಗೆಯಲು ಒಳಗೆ ಹೋದವರ ಜೊತೆ ಹಗ್ಗ ಇರಬೇಕು, ಬಾಯಲ್ಲಿ ಕೂಗಿದರೆ ಕೇಳುವಷ್ಟು ಹತ್ತಿರ ಇನ್ನೊಬ್ಬರು ಇರಬೇಕು. ಸೆಟ್ಟು ಸುರಂಗದ ಬಾಯಲ್ಲಿ ನಿಂತವರ ಕೈಗೆ.

ಬ್ಯಾಟರಿ

ಈಗಿನ ಹೆಚ್ಚಿನ ವೃತ್ತಿಪರ ಸೆಟ್ಟುಗಳಲ್ಲಿ 7.4 ವೋಲ್ಟಿನ ಲಿಥಿಯಂ ಅಯಾನ್ ಬ್ಯಾಟರಿ. ತುಂಬಿದಾಗ 8.4 ವೋಲ್ಟ್ ತೋರಿಸುತ್ತದೆ. ‘ಹತ್ತು ಗಂಟೆ ಬರುತ್ತದೆ’ ಎಂದು ಕಂಪನಿ ಹೇಳುವುದರ ಹಿಂದೆ ಒಂದು ಲೆಕ್ಕ ಇದೆ: ನೂರರಲ್ಲಿ 5 ಪಾಲು ಹೇಳುವುದು, 5 ಪಾಲು ಕೇಳುವುದು, 90 ಪಾಲು ಸುಮ್ಮನಿರುವುದು. 5 ವ್ಯಾಟಿನ ಸೆಟ್ಟು ಹೇಳುವಾಗ ಸುಮಾರು ಒಂದೂವರೆ ಆಂಪಿಯರ್ ಎಳೆಯುತ್ತದೆ, ಸುಮ್ಮನಿರುವಾಗ ಅದರ ಇಪ್ಪತ್ತನೇ ಒಂದು ಪಾಲು. 1500 ಮಿಲಿಆಂಪಿಯರ್ ಅವರ್ ಬ್ಯಾಟರಿಗೆ ಆ ಲೆಕ್ಕದಲ್ಲಿ ಒಂಬತ್ತು ಹತ್ತು ಗಂಟೆ ಬರುವುದು ನಿಜ. ಆದರೆ ಕಂಟ್ರೋಲಿನಲ್ಲಿ ಕುಳಿತವರು ನೂರರಲ್ಲಿ 20 ಪಾಲು ಹೇಳುತ್ತಾರೆ, 20 ಪಾಲು ಕೇಳುತ್ತಾರೆ. ಅವರ ಬ್ಯಾಟರಿ ಮೂರೂವರೆ ಗಂಟೆಗೇ ಮುಗಿಯುತ್ತದೆ. ಎಲ್ಲರಿಗೂ ಒಂದೊಂದು ಹೆಚ್ಚಿನ ಬ್ಯಾಟರಿ ಕೊಳ್ಳುವ ಬದಲು ಕಂಟ್ರೋಲಿಗೆ ಮೂರು ಕೊಡಿ. ಅರ್ಧ ವ್ಯಾಟಿನ ಸೆಟ್ಟಿಗೆ ಈ ತಲೆಬಿಸಿ ಕಡಿಮೆ.

ಚಾರ್ಜಿಗೆ ಇಡುವಾಗ ಸೆಟ್ಟು ಆಫ್ ಮಾಡಿ. ಆ ಮಾದರಿಗೆ ಕೊಟ್ಟ ಚಾರ್ಜರ್ ಮಾತ್ರ; ಸ್ಟ್ಯಾಂಡಿಗೆ ಕೂತಿತೆಂದು ಬೇರೆಯದಕ್ಕೆ ತೂರಿಸಬೇಡಿ. ಬೆವರು, ಮಳೆನೀರು ಇದ್ದರೆ ಒರೆಸಿ ಒಣಗಿಸಿಯೇ ಇಡಿ. ಲಿಥಿಯಂ ಬ್ಯಾಟರಿ ಚಾರ್ಜ್ ಆಗಬೇಕಾದದ್ದು 0ಯಿಂದ 45 ಡಿಗ್ರಿ ಸೆಲ್ಸಿಯಸ್ ಒಳಗೆ. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡು ಅದನ್ನು ಸುಲಭವಾಗಿ ದಾಟುತ್ತದೆ. ದೀಪದ ಅರ್ಥ ಕಂಪನಿಗೆ ತಕ್ಕಂತೆ ಬದಲಾದರೂ ಸಾಮಾನ್ಯವಾಗಿ ನಿಂತ ಕೆಂಪು ಎಂದರೆ ತುಂಬುತ್ತಿದೆ, ಹಸಿರು ಎಂದರೆ ತುಂಬಿತು, ಮಿನುಗುವ ಕೆಂಪು ಎಂದರೆ ಬ್ಯಾಟರಿಗೂ ಚಾರ್ಜರಿಗೂ ಸರಿಬರುತ್ತಿಲ್ಲ. ಮಿನುಗಿದರೆ ಕಾಂಟ್ಯಾಕ್ಟು ಒರೆಸಿ ಒಮ್ಮೆ ನೋಡಿ. ಮತ್ತೂ ಮಿನುಗಿದರೆ ಆ ಬ್ಯಾಟರಿ ಬೇಡ.

ಹೆಚ್ಚಿನ ಬ್ಯಾಟರಿಯನ್ನು ಜೇಬಿಗೆ ಹಾಗೇ ಹಾಕಬೇಡಿ. ಬೀಗದ ಕೈ, ಚಿಲ್ಲರೆ, ಕುತ್ತಿಗೆಯ ಸರ ಎರಡು ಕಾಂಟ್ಯಾಕ್ಟಿಗೆ ಒಟ್ಟಿಗೆ ತಾಗಿದರೆ ಕ್ಷಣದಲ್ಲಿ ಕಾದು ತೊಡೆ ಸುಡುತ್ತದೆ. ಒಂದು ಪ್ಲಾಸ್ಟಿಕ್ ಕವರು ಸಾಕು. ಉಬ್ಬಿದ ಬ್ಯಾಟರಿ, ಸೆಟ್ಟಿಗೆ ಕೂತಾಗ ಬೆನ್ನು ಎದ್ದು ಕಾಣುವ ಬ್ಯಾಟರಿ, ಮತ್ತೆ ಚಾರ್ಜಿಗೆ ಹೋಗಬಾರದು. ಚುಚ್ಚಬೇಡಿ, ಒತ್ತಿ ಸರಿಮಾಡಬೇಡಿ, ಕಸದ ಬೆಂಕಿಗೆ ಹಾಕಬೇಡಿ. ಹೊರಗೆ ಮರಳು ತುಂಬಿದ ಡಬ್ಬದಲ್ಲಿಟ್ಟು ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಿ.

ತುಲಾ ತಿಂಗಳ (ಅಕ್ಟೋಬರ್–ನವೆಂಬರ್) ಗುಡುಗು ಮಳೆಯ ಸಂಜೆಗಳಲ್ಲಿ ಚಾರ್ಜರನ್ನು ಪ್ಲಗ್ಗಿನಿಂದಲೇ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಆರು ಸೆಟ್ಟಿನ ಸಾಲು ಚಾರ್ಜರ್ ಒಂದೇ ಸಿಡಿಲಿಗೆ ಹೋಗುತ್ತದೆ. ಗುಡುಗು ಶುರುವಾದಾಗ ಗುಡ್ಡೆಯ ತಲೆಯಲ್ಲಿ ನಿಲ್ಲಿಸಿದವರನ್ನು ಕೆಳಗೆ ಕರೆಯುವುದೂ ಕಂಟ್ರೋಲಿನವರ ಕೆಲಸ. ಅಪಾಯ ಸೆಟ್ಟಿನಿಂದ ಬರುವುದಲ್ಲ, ನಿಂತ ಜಾಗದಿಂದ ಬರುವುದು.

ಗುಂಡಿ ಒತ್ತಬಾರದ ಜಾಗ

ಕಗ್ಗಲ್ಲಿನ ಕೋರೆಯಲ್ಲಿ ವಿದ್ಯುತ್ ಡಿಟೋನೇಟರ್ ಹಾಕುತ್ತಿದ್ದರೆ ಅದರ ಎರಡು ತಂತಿ ಆಂಟೆನಾ ಆಗಿ ಕೆಲಸ ಮಾಡಬಲ್ಲದು. ಹತ್ತಿರ ಗುಂಡಿ ಒತ್ತಿದರೆ ಅಲೆಯ ಶಕ್ತಿಯೇ ಅದನ್ನು ಹಚ್ಚಬಹುದು. ‘ರೇಡಿಯೊ ಆಫ್ ಮಾಡಿ’ ಎಂಬ ಬೋರ್ಡು ಕಂಡರೆ ಗುಂಡಿ ಒತ್ತದೆ ಇದ್ದರಾಯಿತು ಎಂದುಕೊಳ್ಳಬೇಡಿ, ಸೆಟ್ಟನ್ನೇ ಆಫ್ ಮಾಡಿ. ಸ್ಫೋಟದ ಹೊಣೆ ಹೊತ್ತವರು ಹೇಳಿದ ದೂರವೇ ದೂರ. ಕೆಂಪುಕಲ್ಲನ್ನು ಯಂತ್ರದಲ್ಲಿ ಕೊಯ್ಯುವ ಕೋರೆಯಲ್ಲಿ ಈ ಭಯ ಇಲ್ಲ.

ಬೆಡಿಯ, ಅಂದರೆ ಸಿಡಿಮದ್ದಿನ, ಮಾತು ಬೇರೆ. ಬತ್ತಿಗೆ ಬೆಂಕಿ ಹಚ್ಚುವ ಬೆಡಿಗೆ ರೇಡಿಯೊ ಅಲೆಯಿಂದ ಏನೂ ಆಗದು, ಆದರೆ ತಂತಿ ಎಳೆದು ಸ್ವಿಚ್ಚಿನಿಂದ ಹಚ್ಚುವ ಬೆಡಿಗೆ ಡಿಟೋನೇಟರಿನ ನಿಯಮವೇ. ದಾಸ್ತಾನಿನ ಹತ್ತಿರ ಎರಡರಲ್ಲೂ ಎಚ್ಚರ: ಬ್ಯಾಟರಿ ಕಳಚುವಾಗ, ಹಾಕುವಾಗ ಕಾಂಟ್ಯಾಕ್ಟಿನಲ್ಲಿ ಸಣ್ಣ ಕಿಡಿ ಹಾರಬಹುದು. 2024ರ ಅಕ್ಟೋಬರಿನಲ್ಲಿ ನೀಲೇಶ್ವರದಲ್ಲಿ ಬೆಡಿಯ ದಾಸ್ತಾನಿಗೆ ಬೆಂಕಿ ತಗುಲಿ ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡದ್ದು ಜಿಲ್ಲೆಯವರಿಗೆ ನೆನಪಿರುತ್ತದೆ. ಅದಕ್ಕೆ ರೇಡಿಯೊ ಕಾರಣವಲ್ಲ, ಆದರೆ ದಾಸ್ತಾನಿನ ಬಳಿ ಒಂದು ಕಿಡಿ ಎಂದರೆ ಏನು ಎಂಬುದಕ್ಕೆ ಬೇರೆ ವಿವರಣೆ ಬೇಡ. ಬ್ಯಾಟರಿ ಬದಲಾವಣೆ ದಾಸ್ತಾನಿನಿಂದ ದೂರ. ಪೆಟ್ರೋಲ್ ಪಂಪು, ಗ್ಯಾಸ್ ಸೋರಿದ ಅಡುಗೆ ಚಪ್ಪರ ಇವಕ್ಕೂ ಇದೇ ಮಾತು. ಅಂಥ ಜಾಗಕ್ಕೆಂದೇ ಕಿಡಿ ಹಾರದಂತೆ ಮಾಡಿದ, ಪ್ರಮಾಣಪತ್ರವಿರುವ ಸೆಟ್ಟುಗಳಿವೆ. ಅವಕ್ಕೆ ಬೇರೆ ಕಂಪನಿಯ ಬ್ಯಾಟರಿ ಹಾಕಿದ ಕ್ಷಣ ಆ ಪ್ರಮಾಣಪತ್ರಕ್ಕೆ ಬೆಲೆ ಇಲ್ಲ.

ನೀರು, ಉಪ್ಪು, ಕೊಳೆ

ಸೆಟ್ಟಿನ ಮೇಲಿನ ಐಪಿ54 ಎಂದರೆ ಧೂಳು ಮತ್ತು ನೀರಿನ ಎರಚಲು ತಡೆಯುತ್ತದೆ. ಐಪಿ67 ಎಂದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ. ಎರಡೂ ಸಿಹಿನೀರಿನ ಪರೀಕ್ಷೆ, ಎರಡೂ ಇಯರ್‌ಪೀಸಿನ ತೂತಿನ ರಬ್ಬರು ಮುಚ್ಚಳ ಮುಚ್ಚಿದ್ದರೆ ಮಾತ್ರ. ಆ ಮುಚ್ಚಳ ಕಿತ್ತುಹೋದ ಐಪಿ67 ಸೆಟ್ಟಿಗಿಂತ ಮುಚ್ಚಳವಿರುವ ಐಪಿ54 ಮೇಲು.

ಮಂಜೇಶ್ವರದ ಬಂದರಿನಲ್ಲೋ ಕಾಸರಗೋಡಿನ ಕಸಬದಲ್ಲೋ ಸೆಟ್ಟು ಕಡಲಿಗೆ ಬಿದ್ದು ಸಿಕ್ಕಿದರೆ ಕೂಡಲೇ ಆಫ್ ಮಾಡಿ ಬ್ಯಾಟರಿ ಕಳಚಿ. ಎರಡನ್ನೂ ಸಿಹಿನೀರಿನಲ್ಲಿ ಮೆಲ್ಲಗೆ ತೊಳೆಯಿರಿ. ತೊಳೆಯಲು ಅಂಜುವವರು ಹೆಚ್ಚು, ಆದರೆ ಒಣಗಿ ಉಳಿದ ಉಪ್ಪು ಗಾಳಿಯ ತೇವ ಹೀರಿಕೊಂಡು ತಾಮ್ರವನ್ನು ದಿನವೂ ತಿನ್ನುತ್ತದೆ. ತೊಳೆದ ಮೇಲೆ ಬಟ್ಟೆಯಲ್ಲಿ ಒರೆಸಿ, ಮೈಕಿನ ತೂತು ಕೆಳಗೆ ಮಾಡಿ ಕೊಡವಿ, ನೆರಳಿನಲ್ಲಿ ಫ್ಯಾನಿನ ಕೆಳಗೆ ಒಂದು ದಿನ ಇಡಿ. ಅಕ್ಕಿಯ ಡಬ್ಬಕ್ಕೆ ಹಾಕಿದರೆ ತೂತಿಗೆ ತೌಡು ಸೇರುತ್ತದೆ. ಒಳಗೆ ನೀರು ಹೋಗಿದೆ ಎಂದು ಅನುಮಾನವಿದ್ದರೆ ಮನೆಯಲ್ಲಿ ಬಿಚ್ಚಬೇಡಿ, ಸೀಲು ಮತ್ತೆ ಕೂರುವುದಿಲ್ಲ. ಮಳೆಯಲ್ಲಿ ಮಾತು ಗೊಗ್ಗರಾದರೆ ಹೆಚ್ಚಿನ ಸಲ ಮೈಕಿನ ತೂತಿನಲ್ಲಿ ಒಂದು ಹನಿ ನಿಂತಿರುತ್ತದೆ, ಕೊಡವಿದರೆ ಸರಿ.

ಕಡಲಿಗೆ ಹೋಗುವವರಿಗೆ ಒಂದು ಮಾತು: ಜೀವ ಉಳಿಸುವ ಸೆಟ್ಟು ಈ ಅರ್ಧ ವ್ಯಾಟಿನದ್ದಲ್ಲ. ಅದಕ್ಕೆ ಲೈಸೆನ್ಸಿರುವ ಮರೈನ್ ವಿಎಚ್‌ಎಫ್ (ದೋಣಿ, ಹಡಗುಗಳ ರೇಡಿಯೊ) ಬೇಕು, ಆಪತ್ತಿನ ಚಾನೆಲ್ 16, ಅಂದರೆ 156.8 ಮೆಗಾಹರ್ಟ್ಸ್. ‘ಮೇಡೇ’ ಮೂರು ಸಲ, ದೋಣಿಯ ಹೆಸರು, ಇರುವ ಜಾಗ, ಏನಾಗಿದೆ, ಎಷ್ಟು ಜನ, ಇದೇ ಕ್ರಮದಲ್ಲಿ. ಫೋನ್ ಸಿಗ್ನಲ್ ಸಿಕ್ಕಿದರೆ ಕೋಸ್ಟ್ ಗಾರ್ಡಿನ 1554, ಕರಾವಳಿ ಪೊಲೀಸರ 1093.

ದಿನನಿತ್ಯದ ಸ್ವಚ್ಛತೆಗೆ ಒಂದು ಲೀಟರ್ ನೀರಿಗೆ ಒಂದು ಸಣ್ಣ ಚಮಚ, 5 ಮಿಲಿಲೀಟರ್, ಪಾತ್ರೆ ತೊಳೆಯುವ ದ್ರವ. ಬಟ್ಟೆ ಅದ್ದಿ, ಹಿಂಡಿ, ಒರೆಸಿ. ಕಾಂಟ್ಯಾಕ್ಟಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಹತ್ತಿಕಡ್ಡಿ. ಹಸಿರು ಕಿಲುಬು ಹಿಡಿದಿದ್ದರೆ ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೆತ್ತಗೆ ಉಜ್ಜಿ. ಮರಳು ಕಾಗದ ಹಾಕಿದರೆ ಲೇಪ ಹೋಗಿ ಕಿಲುಬು ಇನ್ನೂ ಬೇಗ ಬರುತ್ತದೆ. ಪೆಟ್ರೋಲ್, ಥಿನ್ನರ್, ಸೀಮೆಎಣ್ಣೆ ಪ್ಲಾಸ್ಟಿಕ್ಕನ್ನು ಸೀಳಿಸುತ್ತವೆ. ಬಿಗಿಯಾದ ಗುಂಡಿಗೆ ತೆಂಗಿನೆಣ್ಣೆ ಬಿಡುವವರೂ ಇದ್ದಾರೆ. ಅದು ಧೂಳು ಹಿಡಿದು ಅಂಟಾಗಿ, ಒತ್ತಿದ ಗುಂಡಿ ಮೇಲೆ ಏಳದ ಹಾಗೆ ಮಾಡುತ್ತದೆ.

ಏನು ಕೆಟ್ಟರೆ ಎಲ್ಲಿ ನೋಡುವುದು

ಇಡೀ ಚಾನೆಲ್ ಸತ್ತಂತಾಗಿ, ಬಟ್ಟೆ ಉಜ್ಜುವ ಸದ್ದೋ ಯಾರದೋ ಮಾತೋ ಸತತ ಬರುತ್ತಿದ್ದರೆ ಒಬ್ಬರ ಗುಂಡಿ ಸಿಕ್ಕಿಹಾಕಿಕೊಂಡಿದೆ. ಅವರಿಗೆ ನಿಮ್ಮ ಕೂಗು ಕೇಳುವುದಿಲ್ಲ, ಅವರ ಸೆಟ್ಟು ಹೇಳುವ ಸ್ಥಿತಿಯಲ್ಲಿದೆ. ಎಲ್ಲರೂ ಮೊದಲೇ ಒಪ್ಪಿದ ಎರಡನೇ ಚಾನೆಲಿಗೆ ಹೋಗಿ, ಹಾಜರಿ ಕರೆಯಿರಿ. ಉತ್ತರ ಬಾರದ ನಂಬರಿನ ಹತ್ತಿರ ಒಬ್ಬರನ್ನು ಓಡಿಸಿ. ಇದಕ್ಕೇ ಟೈಮ್‌ಔಟ್ ಎಂಬ ಸೆಟ್ಟಿಂಗ್ ಇರುವುದು, ಅದನ್ನು 60 ಸೆಕೆಂಡಿಗೆ ಇಟ್ಟರೆ ಸೆಟ್ಟು ತಾನೇ ಬಾಯಿ ಮುಚ್ಚುತ್ತದೆ.

ದೀಪ ಹಸಿರಾಗುತ್ತದೆ, ಸದ್ದಿಲ್ಲ ಎಂದರೆ ಟೋನ್ ಬೇರೆಯಾಗಿದೆ. ಮಾನಿಟರ್ ಒತ್ತಿ ಮಾತು ಕೇಳಿದರೆ ಖಚಿತ. ದೀಪ ಬಂದು, ಮಾನಿಟರಿಗೂ ಸದ್ದಿಲ್ಲ ಎಂದಾದರೆ ಇಯರ್‌ಪೀಸಿನ ಪಿನ್ನು ಅರ್ಧ ಕೂತು ಸ್ಪೀಕರನ್ನು ಕಡಿದಿರುತ್ತದೆ. ಎರಡು ಪಿನ್ನಿನ ಪ್ಲಗ್ಗು ಬುಡದವರೆಗೆ ಒತ್ತಿ ಅಥವಾ ಕಿತ್ತು ನೋಡಿ. ಕೇಳುವಾಗ ಸರಿ ಇದ್ದು, ಗುಂಡಿ ಒತ್ತಿದ ಕೂಡಲೇ ಸೆಟ್ಟು ಆಫ್ ಆದರೆ ಬ್ಯಾಟರಿ ಮುದಿಯಾಗಿದೆ, ಅಥವಾ ಕಾಂಟ್ಯಾಕ್ಟು ಕೊಳೆ. ಬ್ಯಾಟರಿ ಅದಲುಬದಲು ಮಾಡಿದರೆ ಯಾವುದೆಂದು ಗೊತ್ತಾಗುತ್ತದೆ. ವಾಲ್ಯೂಮ್ ತಿರುಗಿಸುವಾಗ ಕರಕರ ಎಂದರೆ ಒಳಗೆ ಧೂಳು. ಹತ್ತಿಪ್ಪತ್ತು ಸಲ ಆಚೀಚೆ ತಿರುಗಿಸಿದರೆ ಕೆಲವು ತಿಂಗಳು ಸುಮ್ಮನಿರುತ್ತದೆ.

ಸೀಸನ್ ಮುಗಿದ ಮೇಲೆ

ಹೆಚ್ಚಿನ ಸಮಿತಿಗಳ ಸೆಟ್ಟು ಮೇ ಕೊನೆಯ ಪತ್ತನಾಜೆಗೆ ಕಪಾಟು ಸೇರಿದರೆ ಮತ್ತೆ ಹೊರಬರುವುದು ದೀಪಾವಳಿ ಕಳೆದು. ಆ ಐದಾರು ತಿಂಗಳೇ ಇಲ್ಲಿನ ಅತಿ ತೇವದ ಕಾಲ. ಬ್ಯಾಟರಿಯನ್ನು ಪೂರ್ತಿ ತುಂಬಿಸಿಯೂ ಇಡಬಾರದು, ಪೂರ್ತಿ ಖಾಲಿ ಮಾಡಿಯೂ ಇಡಬಾರದು: ಅರ್ಧದಷ್ಟು ಚಾರ್ಜಿನಲ್ಲಿ, ಸೆಟ್ಟಿನಿಂದ ಕಳಚಿ. ಬ್ಯಾಟರಿ ಒಳಗೇ ಇದ್ದರೆ ಆಫ್ ಮಾಡಿದ ಸೆಟ್ಟೂ ಸಣ್ಣಗೆ ಎಳೆಯುತ್ತಿರುತ್ತದೆ, ಆಟಿ ಕಳೆಯುವಷ್ಟರಲ್ಲಿ ಬ್ಯಾಟರಿ ಮತ್ತೆ ಏಳದಷ್ಟು ಇಳಿದಿರುತ್ತದೆ. ಸೆಟ್ಟು, ಬ್ಯಾಟರಿ ಎರಡನ್ನೂ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ; ಬ್ಯಾಟರಿಯ ಕಾಂಟ್ಯಾಕ್ಟು ಒಂದಕ್ಕೊಂದು ತಾಗದಂತೆ ಕವರಿನಲ್ಲಿ. ಮೂರು ತಿಂಗಳಿಗೊಮ್ಮೆ ತೆಗೆದು ಚಾರ್ಜು ನೋಡಿ ಅರ್ಧಕ್ಕೆ ತನ್ನಿ. ಆಗಸ್ಟ್ ನಡುವಿನ ಸೋಣ ಸಂಕ್ರಮಣದ ದಿನ ಎಂದು ಗುರುತು ಹಾಕಿಕೊಂಡರೆ ಮರೆಯುವುದಿಲ್ಲ. ಜಾತ್ರೆಯ ಹಿಂದಿನ ವಾರ ಎಲ್ಲವನ್ನೂ ಪೂರ್ತಿ ತುಂಬಿಸಿ, ಒಂದು ಇಡೀ ಸಂಜೆ ಆನ್ ಮಾಡಿ ಬಿಡಿ. ಯಾವ ನಂಬರಿನ ಬ್ಯಾಟರಿ ಮೊದಲು ಬೀಪ್ ಎನ್ನುತ್ತದೋ ಅದನ್ನು ಕಂಟ್ರೋಲಿಗೆ ಕೊಡಬೇಡಿ.